ಪಿನ್ ಮೇಷ್ಟ್ರ ಕಡತದಲ್ಲಿರುವ ಒಂದು ಹಾಳೆ

ಕುಡಿಯುವ ನೀರಿನ ಶುದ್ಧೀಕರಣ ಘಟಕಗಳಲ್ಲಿ ಉಪಕರಣಗಳನ್ನು ಬಿಚ್ಚುವವರು ಬಹಳ ಮಂದಿ. ಕೆಟ್ಟದ್ದು ಎಲ್ಲಿ ಎಂದು ತಾಳ್ಮೆಯಿಂದ ಹುಡುಕುವವರು ಬೆರಳೆಣಿಕೆಯಷ್ಟು. ಅವರಲ್ಲಿ ಮೊದಲಿಗರು, ಮೂವತ್ತನಾಲ್ಕು ವರ್ಷಗಳ ಸೇವೆಯ ನಂತರ ಈ ತಿಂಗಳು ನಿವೃತ್ತರಾಗುತ್ತಿರುವ, ನಾವೆಲ್ಲರೂ ‘ಪಿನ್ ಮೇಷ್ಟ್ರು’ ಎಂದು ಕರೆಯುವ ಹಿರಿಯರು. ಅವರ ಸೌಮ್ಯ ಸ್ವಭಾವವನ್ನು ಕುರಿತು ಬರೆಯಿರಿ, ಹಳೆಯ ಕಹಿ ಪ್ರಸಂಗಗಳನ್ನು ಕೈಬಿಡಿ ಎಂದು ಅಭಿನಂದನ ಸಮಿತಿಯವರು ನನಗೆ ಸೂಚಿಸಿದ್ದಾರೆ. ಅವರ ಬಾಯಿ ಮುಚ್ಚಿಸಿದ ಕಚೇರಿಯೇ ಸೌಮ್ಯತೆಯನ್ನು ಹೊಗಳುವುದು ಗಾಯದ ಮೇಲೆ ಬರೆ ಎಳೆದಂತೆ. ಆ ಸೂಚನೆಯನ್ನು ನಾನು ಪಾಲಿಸಲಾರೆ, ಕ್ಷಮಿಸಬೇಕು.

ಅವರು ತಂತ್ರಜ್ಞರಾಗಿ ಸೇರಿದ ಕಾಲದಲ್ಲಿ ನೀರಿನ ಕದಡು ಅಳೆಯುವ ಮೀಟರಿನ ಅಂಕಿಯನ್ನು ಗಂಟೆಗೊಮ್ಮೆ ಕೆಳಗಿಳಿದು ಹೋಗಿ ಬರೆದು ತರಬೇಕಿತ್ತು. ಒಂದೇ ಬೋರ್ಡಿನ ಪುಟ್ಟ ಕಂಪ್ಯೂಟರನ್ನು ತರಿಸಿ, ಪುಸ್ತಕ ನೋಡಿ ಬೇಸಿಕ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿತು, ಮೀಟರಿನಿಂದ ಅದರ ಸೀರಿಯಲ್ ಪೋರ್ಟಿಗೆ ಕೇಬಲ್ ಎಳೆದು, ಅಂಕಿ ತಾನಾಗಿಯೇ ಕಂಟ್ರೋಲ್ ರೂಮಿನ ಪರದೆಗೆ ಬರುವಂತೆ ಮಾಡಿದವರು ಅವರು. ಅದಕ್ಕೆ ಬಂದ ಪ್ರಶಸ್ತಿಯನ್ನು ವೇದಿಕೆಯೇರಿ ಸ್ವೀಕರಿಸಿದವರು ಅಂದಿನ ಮುಖ್ಯಸ್ಥರು. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಸೇರಿಕೊಂಡಿತು.

ನಾನು ಸಹಾಯಕ ಎಂಜಿನಿಯರಾಗಿ ಸೇರಿದ ಮೊದಲ ವಾರವೇ ಪರದೆ ಖಾಲಿಯಾಯಿತು. ನಾನು ಮೀಟರನ್ನು ದೂರತೊಡಗಿದಾಗ ಮೇಷ್ಟ್ರು ಕೇಬಲ್ ಕಿತ್ತು, “ಮೇಡಂ, ನಿಮ್ಮ ಹೇರ್‌ಪಿನ್ ಸ್ವಲ್ಪ ಕೊಡಿ” ಎಂದರು. ಬೋರ್ಡಿನ ಪೋರ್ಟಿನಲ್ಲಿ ಅಂಕಿ ಕಳಿಸುವ ಕಡ್ಡಿಯನ್ನೂ ಪಡೆಯುವ ಕಡ್ಡಿಯನ್ನೂ ಅದರಿಂದ ಕೂಡಿಸಿ, ಐದು ಸಾಲಿನ ಬೇಸಿಕ್ ಪ್ರೋಗ್ರಾಮ್ ಬರೆದು, A ಅಕ್ಷರ ಒತ್ತಿದರು. ಕಂಪ್ಯೂಟರಿನ ಲೆಕ್ಕದಲ್ಲಿ ಅದರ ಸಂಖ್ಯೆಯಾದ 65 ಪರದೆಯ ಮೇಲೆ ಮೂಡಿತು; ಎಂದರೆ ಬೋರ್ಡು ಸರಿ, ಬಿಟ್ಟುಹೋಗಿದ್ದದ್ದು ಕೇಬಲಿನ ಒಂದು ತಂತಿ.

“ನಾವು ಕಳ್ಸಿದ್ದು ಮೊದ್ಲು ನಮಗೇ ವಾಪಸ್ ಬರತ್ತಾ ನೋಡ್ಬೇಕು ಮೇಡಂ. ಬೇರೆಯವ್ರನ್ನ ಬಯ್ಯೋದು ಆಮೇಲೆ.”

ಆ ಪಿನ್ ಮರಳಿ ಬರಲಿಲ್ಲ. ಅವರ ಪೆಟ್ಟಿಗೆ ಸೇರಿ ಅವರಿಗೊಂದು ಹೆಸರನ್ನೇ ತಂದುಕೊಟ್ಟಿತು.

ಕೆಲವು ತಿಂಗಳ ನಂತರ, ಇಂದಿಗೆ ಹತ್ತೊಂಬತ್ತು ವರ್ಷಗಳ ಹಿಂದೆ, ಒಂದು ಬೆಳಿಗ್ಗೆ ಪರದೆಯ ತುಂಬ ಅರ್ಥವಿಲ್ಲದ ಚಿಹ್ನೆಗಳು. ಅಂಕಿಯನ್ನು ನಂಬಲಾಗದೆ ಅರ್ಧ ದಿನ ನೀರು ನಿಲ್ಲಿಸಬೇಕಾಯಿತು; ಗೇಟಿನ ಮುಂದೆ ಖಾಲಿ ಕೊಡಗಳ ಸಾಲು. ಮೇಷ್ಟ್ರು ಅದೇ ಪಿನ್ನಿನಿಂದ ಬೋರ್ಡನ್ನು ಪರೀಕ್ಷಿಸಿದರು, ಸರಿಯಿತ್ತು. ಕೇಬಲಿನ ಆಚೆ ತುದಿಗೆ ಹೋಗಿ ಅಲ್ಲಿ ಪಿನ್ ಹಾಕಿದರು, ಕೇಬಲ್ಲೂ ಸರಿಯಿತ್ತು. ಆಮೇಲೆ, ಕಳಿಸುವ ವೇಗವೂ ಪಡೆಯುವ ವೇಗವೂ ಒಂದೇ ಇರದಿದ್ದರೆ ಅಂಕಿ ಕೆಡುತ್ತದೆಂದು, ಪ್ರೋಗ್ರಾಮಿನಲ್ಲಿ ಪಡೆಯುವ ವೇಗವನ್ನು ಒಂದೊಂದೇ ಹಂತ ಇಳಿಸುತ್ತ ಬಂದರು. 1200ಕ್ಕೆ ಬಂದಾಗ ಅಂಕಿಗಳು ಸ್ವಚ್ಛವಾಗಿ ಮೂಡಿದವು. 9600ರ ವೇಗದಲ್ಲಿ ಕಳಿಸುತ್ತಿದ್ದ ಮೀಟರನ್ನು ಯಾರೋ ನಿಧಾನಗೊಳಿಸಿದ್ದರು.

ಆ ಯಾರೋ ನಾನು. ಅಂದು ಮುಂಜಾನೆಯೇ ನನ್ನ ಲ್ಯಾಪ್‌ಟಾಪಿಗೆ ಹೊಂದಿಸಿ ನೋಡಲೆಂದು ಮೀಟರಿನ ಮುಚ್ಚಳ ತೆಗೆದು ವೇಗ ಬದಲಿಸಿದ್ದೆ, ಮೊದಲಿನಂತೆ ಮಾಡಲು ಮರೆತಿದ್ದೆ. ಮುಚ್ಚಳದ ನಾಲ್ಕನೆಯ ಸ್ಕ್ರೂ ನನ್ನ ಮೇಜಿನ ಮೇಲೇ ಇತ್ತು. ಮೇಷ್ಟ್ರು ಅದನ್ನು ಕಂಡರು, ಎತ್ತಿಕೊಂಡು ಹೋಗಿ ಮುಚ್ಚಳಕ್ಕೆ ಬಿಗಿದರು.

ಮುಖ್ಯಸ್ಥರ ಕೋಣೆಯಲ್ಲಿ ಮೇಷ್ಟ್ರ ವಿಚಾರಣೆ ನಡೆದಾಗ ನಾನು ಕಡತ ಹಿಡಿದು ಬಾಗಿಲ ಬಳಿ ನಿಂತಿದ್ದೆ.

“ಬೋರ್ಡ್ ನಿಮ್ದು, ಪ್ರೋಗ್ರಾಮ್ ನಿಮ್ದು, ತಪ್ಪು ಮಾತ್ರ ಬೇರೆ ಯಾರ್ದೋ ಅಂದ್ರೆ ಹೇಗ್ರೀ?” ಎಂದರು ಮುಖ್ಯಸ್ಥರು.

“ಬೋರ್ಡ್, ಕೇಬಲ್ ಎರಡೂ ಸರಿ ಇವೆ ಸರ್. ಮೀಟರ್ ವೇಗ ಬದಲಾಗಿತ್ತು.”

“ಬದಲಾಯ್ಸಿದ್ದು ಯಾರು?”

“ಗೊತ್ತಿಲ್ಲ ಸರ್.”

ಗೊತ್ತಿದ್ದವರು ನಾವಿಬ್ಬರು. ನಾನು ಪ್ರೊಬೇಷನ್ನಿನಲ್ಲಿದ್ದೆ, ಕೆಲಸ ಹೋಗುತ್ತದೆಂಬ ಹೆದರಿಕೆಯಿಂದ ಬಾಯಿಗೆ ಬೀಗ ಹಾಕಿಕೊಂಡೆ. ‘ಕರ್ತವ್ಯದಲ್ಲಿ ನಿರ್ಲಕ್ಷ್ಯ’ ಎಂಬ ನೋಟೀಸು ಅವರ ಸೇವಾ ಕಡತ ಸೇರಿತು. ಅದನ್ನೇ ತೋರಿಸಿ ಎರಡು ಬಾರಿ ಅವರ ಬಡ್ತಿಯನ್ನು ತಡೆದರು. ಅವರಿಂದ ಕೆಲಸ ಕಲಿತ ನಾವೆಲ್ಲ ಮೇಲೇರಿದೆವು. ಅವರು ಸೇರಿದ ಹುದ್ದೆಯಿಂದಲೇ ನಿವೃತ್ತರಾಗುತ್ತಿದ್ದಾರೆ, ನಿವೃತ್ತಿಯ ಆದೇಶಕ್ಕೆ ಸಹಿ ಹಾಕಿದವಳು ಈಗ ಘಟಕದ ಮುಖ್ಯಸ್ಥೆಯಾಗಿರುವ ನಾನು. ಒಮ್ಮೆ ನಿಜ ಹೇಳುತ್ತೇನೆಂದು ಅವರ ಬಳಿ ಹೋಗಿದ್ದೆ. “ಬಿಡಿ ಮೇಡಂ, ಆಗಿದ್ದು ಆಗೋಯ್ತು” ಎಂದರು. ಅವರು ಬಿಡಿ ಎಂದದ್ದೇ ಸಾಕೆಂದು ಬಿಟ್ಟುಬಿಟ್ಟ ನನ್ನ ಮೇಲೆ, ನಿಜ ಹುಡುಕುವ ಗೋಜಿಗೇ ಹೋಗದ ಈ ಕಚೇರಿಯ ಮೇಲಿರುವುದಕ್ಕಿಂತ ಹೆಚ್ಚು ಸಿಟ್ಟಿದೆ ನನಗೆ.

ಕಳೆದ ವಾರ ಅವರು ಉಪಕರಣಗಳ ಪೆಟ್ಟಿಗೆಯನ್ನು ಪಟ್ಟಿಯ ಪ್ರಕಾರ ಸ್ಟೋರಿಗೆ ಒಪ್ಪಿಸಿದರು. ಕೊನೆಗೆ ಒಂದು ವಸ್ತುವನ್ನು ನನ್ನ ಕೈಗಿಟ್ಟು, “ಇದು ಪಟ್ಟೀಲಿಲ್ಲ ಮೇಡಂ, ನಿಮ್ದು” ಎಂದರು. ಸವೆದು ಬಣ್ಣಗೆಟ್ಟ ಹೇರ್‌ಪಿನ್.

ಅಂದೇ ನಾನು ಇಲಾಖೆಯ ನಿರ್ದೇಶಕರಿಗೆ ತಪ್ಪೊಪ್ಪಿಗೆಯ ಪತ್ರ ಬರೆದಿದ್ದೇನೆ. ಸನ್ಮಾನದ ದಿನದೊಳಗೆ ಆ ನೋಟೀಸಿನ ಹಾಳೆ ಅವರ ಕಡತದಿಂದ ಹೊರಬರದಿದ್ದರೆ ಇದೇ ಲೇಖನವನ್ನು ವೇದಿಕೆಯ ಮೇಲೆ ನಿಂತು ಓದುತ್ತೇನೆ. ಪಿನ್ ಮೇಷ್ಟ್ರು ನೂರ್ಕಾಲ ಬಾಳಲಿ. ಅವರ ಮನೆಯ ಮೇಜಿನ ಮೇಲೆ ಹೊಸ ಬೋರ್ಡುಗಳು ಸೇರುತ್ತಿರಲಿ, ಕಲಿಯುವವರು ಬರುತ್ತಿರಲಿ. ಕಳಿಸಿದ್ದು ಮೊದಲು ನಮಗೇ ವಾಪಸ್ ಬರುತ್ತದೆಯೇ ನೋಡಬೇಕೆಂದು ಕಲಿಸಿದವರು ಅವರು. ಆ ನೋಟೀಸು ಹತ್ತೊಂಬತ್ತು ವರ್ಷ ತಪ್ಪು ವಿಳಾಸದಲ್ಲಿತ್ತು. ಈಗಲಾದರೂ ನನಗೆ ವಾಪಸ್ ಬರಲಿ.