ಬಂಡೆಯ ಸೀಳಿಗೆ ಬಿದ್ದ ಕೀಲಿಕೈ

ನಾನು ಚಿಕ್ಕವಳಿದ್ದಾಗ ಆನೆಗೊಂದಿಯ ನಮ್ಮ ಮನೆಗೆ ಕಳ್ಳರ ಭಯವಿರಲಿಲ್ಲ, ಮಂಗಗಳ ಭಯವಿತ್ತು. ಅವು ಕಿಟಕಿಯಿಂದ ಕೈ ಹಾಕಿ, ಪಕ್ಕದ ಬಾಗಿಲಿನ ಚಿಲಕ ಜಾರಿಸಿ, ಒಳಗೆ ಬಂದು ರೊಟ್ಟಿಯ ಬುಟ್ಟಿಯನ್ನೇ ಹೊತ್ತೊಯ್ಯುತ್ತಿದ್ದವು. ಅದಕ್ಕೇ ನಾವು ಮನೆಯಲ್ಲಿದ್ದಾಗಲೂ ಚಿಲಕಕ್ಕೆ ಒಳಗಿನಿಂದ ಬೀಗ ಹಾಕುತ್ತಿದ್ದೆವು.

ಮುಂದಿನ ಕೋಣೆ ಅಪ್ಪನ ಕೆಲಸದ ಜಾಗ. ಗದ್ದೆಗಳಿಂದ ಬಂದ ಸುಟ್ಟ ಪಂಪುಗಳ ಮೋಟಾರಿಗೆ ಅಪ್ಪ ಹೊಸ ತಂತಿ ಸುತ್ತುತ್ತಿದ್ದರು. ಎಲ್ಲೆಲ್ಲೂ ತಾಮ್ರದ ಸುರುಳಿಗಳು, ವಾರ್ನಿಷಿನ ವಾಸನೆ. ಮನೆಗಿದ್ದ ಒಂದೇ ಬಾಗಿಲ ಬದಿಯಲ್ಲಿ ಗೋಡೆಯ ಬದಲು ಒಂದು ದೊಡ್ಡ ಬಂಡೆಯಿತ್ತು. ಅದರ ಬುಡದಲ್ಲಿ ಕೈ ಹಿಡಿಸದಷ್ಟು ಇಕ್ಕಟ್ಟಾದ, ಆಳವಾದ ಸೀಳಿತ್ತು.

ಅದು ನಾಟಿಯ ಕಾಲ. ಅಪ್ಪ, ಅವ್ವ, ಓಣಿಯವರೆಲ್ಲ ಗದ್ದೆಗೆ ಹೋಗಿದ್ದರು. ಮನೆಯಲ್ಲಿ ಅಕ್ಕ, ನಾನು, ಪುಟ್ಟ ತಮ್ಮ ಮೂವರೇ. ತಮ್ಮ ಒಳಗೆ ಮಲಗಿದ್ದಾನೆಂದುಕೊಂಡು ಅಕ್ಕ ಬೀಗ ಹಾಕಿದಳು. ಸ್ವಲ್ಪ ಹೊತ್ತಿಗೆ ಕಿಟಕಿಯಿಂದ ನೋಡಿದರೆ, ಆಗಷ್ಟೇ ನಡೆಯಲು ಕಲಿತಿದ್ದ ತಮ್ಮ ಅಂಗಳದಲ್ಲಿದ್ದ. ಬೀಗ ಬೀಳುವ ಮೊದಲೇ ಹೊರಗೆ ದಾಟಿಕೊಂಡು, ಈಗ ಕಾಲುವೆಯ ಕಡೆಗೆ ಹೊರಟಿದ್ದ.

ಅಕ್ಕ ಕಬ್ಬಿಣದ ಕೀಲಿಕೈ ಹಿಡಿದು ಬಾಗಿಲಿಗೆ ಓಡಿದಳು. ಅವಸರದಲ್ಲಿ ಕೀಲಿಕೈ ಜಾರಿ ಸೀಳಿಗೆ ಬಿತ್ತು. ಅವಳು ಕಿಟಕಿಗೆ ಧಾವಿಸಿ, ಬೆಲ್ಲ ಕೊಡುತ್ತೇನೆಂದು ಕೂಗಿದಳು. ಬೆಲ್ಲವೆಂದರೆ ಅವನಿಗೆ ಪ್ರಾಣ, ತಿರುಗಿ ಬಂದ. ಸರಳುಗಳ ನಡುವೆ ತೋಳು ಚಾಚಿ ಅವನ ಮುಂಗೈ ಹಿಡಿದುಕೊಂಡಳು.

“ನಾ ಇವನ ಕೈ ಬಿಡಂಗಿಲ್ಲ. ನೀ ಹೆಂಗರ ಮಾಡಿ ಕೀಲಿಕೈ ತಗಿ,” ಅಂದಳು.

ಕೋಲಿನಿಂದ ಕೆದಕಿದೆ. ಅದು ಇನ್ನೂ ಕೆಳಗೆ ಸರಿಯಿತು. ಗಂಟಲು ಹರಿಯುವಂತೆ ಕೂಗಿದೆ, ಬಾಗಿಲು ಒದ್ದೆ, ಅತ್ತೆ. ಮಧ್ಯಾಹ್ನದ ಬಿಸಿಲಿಗೆ ಕೋಣೆ ಕಾದ ಹಂಚಿನಂತಾಗಿತ್ತು. ಹೊರಗೆ ತಮ್ಮ ಕೊಸರಾಡುತ್ತಿದ್ದ, ಸರಳಿಗೆ ಉಜ್ಜಿ ಅಕ್ಕನ ತೋಳು ಕೆಂಪಾಗಿತ್ತು. ಬೆವರಿದ ಆ ಕೈಯಿಂದ ಅವನು ಜಾರಿದರೆ ನಾವು ಸರಳು ಹಿಡಿದು ನೋಡುತ್ತ ನಿಲ್ಲಬೇಕಿತ್ತು. ಅಷ್ಟು ಹೆದರಿಕೆ ನನಗೆ ಮತ್ತೆಂದೂ ಆಗಿಲ್ಲ.

ಆಗ ಅಪ್ಪ ತೋರಿಸಿದ್ದ ಆಟ ನೆನಪಾಯಿತು. ತಂತಿಯಲ್ಲಿ ಕರೆಂಟು ಹರಿದರೆ ಅದರ ಸುತ್ತ ಅಯಸ್ಕಾಂತದ ಬಲ ಹುಟ್ಟುತ್ತದೆ. ತಂತಿಯನ್ನು ಕಬ್ಬಿಣದ ಬೋಲ್ಟಿಗೆ ಸುತ್ತಿದರೆ ಸುತ್ತು ಸುತ್ತಿನ ಬಲವೂ ಕೂಡಿಕೊಂಡು ಮೊಳೆಗಳನ್ನು ಎತ್ತುತ್ತದೆ. ಟಾರ್ಚಿನ ಸೆಲ್ಲು ತೆಗೆದೆ, ಕರೆಂಟು ಹರಿಯಲೆಂದು ತಂತಿಯ ತುದಿಗಳ ವಾರ್ನಿಷ್ ಕೆರೆದೆ, ಬೋಲ್ಟಿಗೆ ಸುತ್ತಿದೆ, ಕೋಲಿಗೆ ಕಟ್ಟಿ, ತುದಿಗಳನ್ನು ಸೆಲ್ಲಿಗೆ ಒತ್ತಿ ಹಿಡಿದು ಇಳಿಬಿಟ್ಟೆ. ಕೀಲಿಕೈ ಮಿಸುಕಲಿಲ್ಲ.

ಮೇಲೆತ್ತಿ ನೋಡಿದೆ. ಗಡಿಬಿಡಿಯಲ್ಲಿ ಅರ್ಧ ಬಲಕ್ಕೆ, ಅರ್ಧ ಎಡಕ್ಕೆ ಸುತ್ತಿದ್ದೆ. ಅಪ್ಪ ಕೆಲಸ ಮಾಡುತ್ತ ಹೇಳುತ್ತಿದ್ದ ಮಾತು ಕಿವಿಯಲ್ಲಿ ಕೇಳಿದಂತಾಯಿತು: “ಸುತ್ತು ಎಲ್ಲಾ ಒಂದೇ ದಿಕ್ಕಿಗೆ ಇರ್ಬೇಕವ್ವಾ. ಇಲ್ಲಾಂದ್ರ ಒಂದರ ಕಸುವು ಇನ್ನೊಂದು ತಿಂತೈತಿ.”

“ಲಗೂನ ಮಾಡು, ಕೈ ಸೋಲಾಕತ್ತೈತಿ,” ಅಂದಳು ಅಕ್ಕ.

ಅಷ್ಟನ್ನೂ ಬಿಚ್ಚಿ, ಒಂದೇ ದಿಕ್ಕಿಗೆ ಸುತ್ತಿದೆ. ಮತ್ತೆ ಇಳಿಬಿಟ್ಟೆ. ಕೆಳಗೆ ಟಕ್ಕೆಂದು ಸಣ್ಣ ಸದ್ದಾಯಿತು. ಸೆಲ್ಲಿನಿಂದ ತಂತಿ ಬಿಡದಂತೆ ಒತ್ತಿ ಹಿಡಿದು ನಿಧಾನವಾಗಿ ಎಳೆದೆ. ಬೋಲ್ಟಿನ ತುದಿಗೆ ಕೀಲಿಕೈ ಅಂಟಿಕೊಂಡು ಬಂತು.

ಬಾಗಿಲು ತೆರೆದು ಓಡಿ ತಮ್ಮನನ್ನು ಎತ್ತಿಕೊಂಡೆ. ಅಕ್ಕ ಆಮೇಲೂ ಅವನ ಕೈ ಬಿಡಲಿಲ್ಲ. ಸಂಜೆ ಅಪ್ಪ ಅವಳ ತೋಳಿಗೆ ಎಣ್ಣೆ ಹಚ್ಚಿದರು. ಮರುದಿನ ಆ ಸೀಳಿಗೆ ಗಾರೆ ತುಂಬಿದರು.

ಮಕ್ಕಳೇ, ಕೊಪ್ಪಳದ ನಿಮ್ಮ ಕಟ್ಟಡದಲ್ಲಿ ಮಂಗಗಳ ಕಾಟವಿಲ್ಲ, ಕಾರ್ಡು ತೋರಿಸಿದರೆ ಬಾಗಿಲು ತೆರೆಯುತ್ತದೆ. ಅದನ್ನು ಬಿಗಿಹಿಡಿದಿರುವುದೂ ಅಂಥದೇ ಸುರುಳಿ, ಕರೆಂಟು ಹೋದರೆ ಹಿಡಿತ ಬಿಡುತ್ತದೆ. ಭಾನುವಾರ ಬಂದು ನಿಮ್ಮ ಪಾಲಿನ ಮಂಡಕ್ಕಿಯನ್ನೂ ಮುಗಿಸುವ ಚಿಕ್ಕಜ್ಜನೇ ಆ ತಮ್ಮ. ಅವನಿಗೆ ಅದೊಂದೂ ನೆನಪಿಲ್ಲ. ಬಾಗಿಲು ಮುಚ್ಚುವ ಮುನ್ನ ಅಜ್ಜಿ ಯಾಕೆ ಹೊಸ್ತಿಲಲ್ಲೇ ನಿಲ್ಲುತ್ತಾಳೆಂದು ನೀವು ನಗುತ್ತೀರಲ್ಲ, ಯಾರು ಒಳಗಿದ್ದೀರಿ, ಯಾರು ಹೊರಗಿದ್ದೀರಿ ಎಂದು ನಾನು ನೋಡುತ್ತಿರುತ್ತೇನೆ.