ಹೊಳಪು ಸಾಯದ ಗೋಡೆ

ಆಳಂದದ ನಮ್ಮ ಮನೆಯ ಪಡಸಾಲೆಗೆ ಎಣ್ಣೆಬಣ್ಣ ಹೊಡೆಸಿದ್ದು ಅಪ್ಪ. ತಿಳಿಹಸಿರು, ಥಳಥಳ ಹೊಳೆಯುವಂಥದ್ದು. ಓಣಿಯವರೆಲ್ಲ ದೀಪಾವಳಿಗೊಮ್ಮೆ ಸುಣ್ಣ ಬಳಿದು ಸುಮ್ಮನಾಗುತ್ತಿದ್ದ ಕಾಲ ಅದು. ಗೋಡೆಗೆ ಒರಗಿ ಕೂತವರ ತಲೆಯೆಣ್ಣೆ ಸುಣ್ಣದ ಮೇಲೆ ಕಲೆಯಾಗುತ್ತದೆ, ಇದಾದರೆ ಹಸಿ ಅರಿವೆಯಿಂದ ಒರೆಸಿದರೆ ಆಯಿತು ಎನ್ನುತ್ತಿದ್ದ. ಒರೆಸುವ ಕೆಲಸ ಮಾತ್ರ ಅವ್ವನ ಪಾಲಿಗೆ ಬಂತು.

ಅಪ್ಪ ತೀರಿಕೊಂಡಾಗ ಅದೇ ಗೋಡೆಗೆ ಒರಗಿಸಿ ಕೂರಿಸಿದೆವು. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ವಿಭೂತಿ ಹಚ್ಚಿ, ಹೂವು ಏರಿಸಿ ಕೂರಿಸುತ್ತೇವೆ. ಅವ್ವ ಇಡೀ ದಿನ ಎದುರಿಗೇ ಕೂತಿದ್ದಳು. ಅಂದಿನಿಂದ ಅವಳಿಗೆ ತಲೆನೋವು ಹತ್ತಿತು. ಅಪ್ಪ ತಲೆಗೆ ಸುತ್ತುತ್ತಿದ್ದ ರುಮಾಲನ್ನೇ ಹಣೆಗೆ ಬಿಗಿದು ಸುತ್ತಿಕೊಂಡು ಓಡಾಡುತ್ತಿದ್ದಳು.

ನಾನು ಒಬ್ಬಳೇ ಮಗಳು, ಪ್ರಾಥಮಿಕ ಶಾಲೆಯ ಮಾಸ್ತರಣಿ. ಮುಂಜಾನೆ ಅಡುಗೆಮನೆಯಲ್ಲಿ ನಿಂತುಕೊಂಡೇ ರೊಟ್ಟಿ ತಿಂದು ಹೊರಟರೆ ಬರುವುದು ಸಂಜೆಗೆ. ಬಂದ ಮೇಲೂ ಮಕ್ಕಳ ನೋಟುಬುಕ್ಕು ತಿದ್ದುತ್ತ ಒಂದು ಮೂಲೆಯಲ್ಲಿ ಎರಡು ತುತ್ತು ನುಂಗುತ್ತಿದ್ದೆ. ಅವ್ವ ಏನು ಉಣ್ಣುತ್ತಾಳೆ, ಯಾವಾಗ ಉಣ್ಣುತ್ತಾಳೆ ಎಂದು ಕೇಳಿದವಳಲ್ಲ. ಅವಳ ಕುಬಸ ಜೋಲಾಡುತ್ತಿರುವುದು ಕಣ್ಣಿಗೆ ಬಿದ್ದಾಗ ಎರಡು ತಿಂಗಳು ಕಳೆದಿತ್ತು.

ಒಂದು ಶನಿವಾರ ಅರ್ಧ ದಿನಕ್ಕೆ ಶಾಲೆ ಮುಗಿಸಿ ಪೇಟೆ ಸುತ್ತಿ ಮನೆಗೆ ಬಂದೆ. ಅಪ್ಪ ಅಡತಿ ಅಂಗಡಿಯಲ್ಲಿ ತೊಗರಿ ತೂಕ ಮುಗಿಸಿ ಊಟಕ್ಕೆ ಬರುತ್ತಿದ್ದ ಹೊತ್ತು, ಮೂರು ದಾಟಿತ್ತು. ಪಡುವಣ ಬಾಗಿಲಿನಿಂದ ಬಿಸಿಲು ಒಳಗೆ ಬಿದ್ದಿತ್ತು. ಅವ್ವ ಗೋಡೆಯ ಮುಂದೆ ರೊಟ್ಟಿ, ಪುಂಡಿಪಲ್ಯದ ತಾಟು ಇಟ್ಟು ಎದುರಿಗೆ ಕೂತಿದ್ದಳು.

"ಏನ್ ಮಾಡಾಕತ್ತಿ ಅವ್ವಾ?"

"ಸುಮ್ಮಿರು ಬೇ. ನಿಮ್ಮಪ್ಪ ಉಣ್ಣಾಕ ಕುಂತಾರ."

ಅವರು ಉಂಡ ಮೇಲೆ ತಾನು ಎಂಬುದು ಅವಳ ನೇಮ. ಅವರು ಉಣ್ಣುವುದೇ ಇಲ್ಲ. ತಾಟು ಕಡೆಗೆ ನಾಯಿಗೆ ಹೋಗುತ್ತಿತ್ತು.

ಅವಳು ಎದ್ದು, ತಲೆಯ ರುಮಾಲು ಗೂಟಕ್ಕೆ ಹಾಕಿ ಹೋದ ಮೇಲೆ ಅವಳ ಜಾಗದಲ್ಲಿ ಕೂತು ನೋಡಿದೆ. ಬಣ್ಣದ ಹೊಳಪಿನಲ್ಲಿ ಮಸುಕಾಗಿ ನಾನೇ ಕಂಡೆ. ಏನೋ ಹೊಳೆದು, ಗೂಟದಲ್ಲಿದ್ದ ರುಮಾಲು ತೆಗೆದು ತಲೆಗೆ ಸುತ್ತಿಕೊಂಡು ಮತ್ತೆ ನೋಡಿದೆ. ಗೋಡೆಯಲ್ಲಿ ಅಪ್ಪ ಕೂತಿದ್ದ. ರುಮಾಲು ಕಿತ್ತೆಸೆದೆ.

ರುಮಾಲು ಬಚ್ಚಿಟ್ಟೆ, ಸೆರಗು ಸುತ್ತಿಕೊಂಡಳು. ಗೋಡೆಗೆ ಚಾದರ ಕಟ್ಟಿದೆ, ಬಿಚ್ಚಿ ಮಡಚಿಟ್ಟಳು. ಬೈದೆ, ಕಾಲಿಗೂ ಬಿದ್ದೆ. ಡಾಕ್ಟರು ಅವಳ ರಟ್ಟೆ ಹಿಡಿದು ನೋಡಿ, "ಹೊಟ್ಟಿಗೆ ಕೂಳು ಬೀಳದಿದ್ರ ನನ್ನ ಸೂಜಿ ಏನೂ ಮಾಡಂಗಿಲ್ರಿ. ಹಿಂಗೇ ಆದ್ರ ಕೈ ಮೀರ್ತದ" ಎಂದರು. ಅಪ್ಪನ ಹಿಂದೆಯೇ ಇವಳೂ ಹೊರಡುತ್ತಾಳೆ ಎಂಬ ಭಯ ನನ್ನನ್ನು ತಿನ್ನತೊಡಗಿತು. ಸಿಟ್ಟೆಲ್ಲ ಆ ಗೋಡೆಯ ಮೇಲೆ ತಿರುಗಿತು.

ದೀಪಾವಳಿ ಹತ್ತಿರ ಬಂದಿತ್ತು. ನಮ್ಮ ಕಡೆ ಸುಣ್ಣ ಹೊಡೆಯುವುದು ಹೆಂಗಸರ ಕೆಲಸ, ನನಗೂ ಬರುತ್ತದೆ. ಸುಣ್ಣ ಕುದಿಸಿ, ಚಿಟಿಕೆ ನೀಲಿ ಕಲಸಿ, ಹಸಿರಿನ ಮೇಲೆ ಮೂರು ಸಲ ಬಳಿದೆ. ಗೋಡೆ ಬೆಳ್ಳಗಾಯಿತು. ಗೆದ್ದೆ ಅಂದುಕೊಂಡೆ.

ಮೂರನೆಯ ದಿನ ಶಾಲೆಯಿಂದ ಬಂದರೆ ಗೋಡೆಯ ಬುಡದಲ್ಲಿ ಸುಣ್ಣ ಮುರಿದ ಹಪ್ಪಳದಂತೆ ಗುಡ್ಡೆಬಿದ್ದಿದೆ. ಅವ್ವ ಉಗುರಿನಿಂದ ಎಬ್ಬಿಸಿ ತಾಟಿನಗಲ ಹಸಿರು ಬಯಲು ಮಾಡಿದ್ದಳು. ಅದರ ಮುಂದೆ ರೊಟ್ಟಿ. ಸಿಟ್ಟಿಗೆ ಅವಳ ಕೈ ಹಿಡಿದು ಜಗ್ಗಿದೆ. ಕೈಯಲ್ಲ ಅದು, ಕಡ್ಡಿ. ಉಗುರಿನ ಸಂದಿಯೆಲ್ಲ ಸುಣ್ಣ. ಅಲ್ಲೇ ಕೂತು ಜೋರಾಗಿ ಅತ್ತೆ.

ಹಿಂದೆ ಆ ಬಣ್ಣ ಹೊಡೆದಿದ್ದ ಮುದುಕ ಪೇಂಟರನನ್ನು ಕರೆತಂದೆ. ಚಾಚಾ ಅನ್ನುತ್ತಿದ್ದೆವು. ಬೆರಳಿನಿಂದ ಮುಟ್ಟಿದ್ದೇ ತಡ, ಇನ್ನೊಂದು ಹಪ್ಪಳ ಉದುರಿತು.

"ಎಣ್ಣಿ ಬಣ್ಣದ ಮ್ಯಾಲೆ ಸುಣ್ಣ ನಿಂದರ್ತದೇನು ಬೇಟಿ? ಮದಲ ಅದರ ಚಮಕ್ ಸಾಯಬೇಕು. ಅರಿವಿ ಒಗೆಯೋ ಸೋಡಾದ ನೀರು ಹಾಕಿ ತೊಳಿ, ಪಾಲಿಶ್ ಕಾಗದ ಹಚ್ಚಿ ತಿಕ್ಕು. ಕೈ ಆಡಿಸಿದ್ರ ಖರಬರಾ ಅನ್ನಬೇಕು. ಆಮ್ಯಾಲೆ ನಾ ಪ್ರೈಮರ್ ಹಚ್ಚಿ ಡಿಸ್ಟೆಂಪರ್ ಹೊಡೀತೇನಿ."

"ನಾನೇ ತಿಕ್ತೇನಿ ಚಾಚಾ" ಎಂದೆ.

ದೀಪಾವಳಿ ರಜೆಯೆಲ್ಲ ತಿಕ್ಕಿದೆ. ಹಸಿರು ಪುಡಿ ಕಣ್ಣಿಗೆ, ಮೂಗಿಗೆ, ಬಾಯಿಗೆ. ಬೆರಳ ತುದಿ ಸವೆದು ಹಿಟ್ಟು ಕಲಸಲೂ ಉರಿ. ಒಂದು ಕಡೆ ಹೊಳಪು ಸತ್ತಿತು ಅನ್ನುವಷ್ಟರಲ್ಲಿ ಬಿಸಿಲು ವಾಲಿ ಇನ್ನೊಂದು ಕಡೆ ಮಿಂಚುತ್ತಿತ್ತು. ಅವ್ವ ಬಾಗಿಲ ಬಳಿ ಕೂತು ನೋಡುತ್ತಿದ್ದಳು. ಅಪ್ಪನ ತಲೆ ಒರಗಿದ್ದ ಜಾಗಕ್ಕೆ ನಾನು ಬಂದಾಗ ಒಂದೇ ಮಾತು ಆಡಿದಳು.

"ಮೆಲ್ಲಕ ತಿಕ್ಕು ಬೇ. ಅವರಿಗೆ ನೋಯ್ತದ."

ನಾನು ಮತ್ತಷ್ಟು ಜೋರಾಗಿ ತಿಕ್ಕಿದೆ. ಇವತ್ತಿಗೂ ಅದು ನನ್ನನ್ನು ಬಿಟ್ಟಿಲ್ಲ.

ಚಾಚಾ ಎರಡು ದಿನದಲ್ಲಿ ತನ್ನ ಕೆಲಸ ಮುಗಿಸಿದ. ಗೋಡೆ ಕೆನೆಬಣ್ಣಕ್ಕೆ ತಿರುಗಿತು. ಎತ್ತ ಕಡೆಯಿಂದ ನೋಡಿದರೂ ಮಿಂಚಿಲ್ಲ, ಯಾರ ಬಿಂಬವೂ ಇಲ್ಲ.

ಮರುದಿನ ಭಾನುವಾರ. ಮೂರು ಗಂಟೆಗೆ ಬಿಸಿಲು ಬಂತು. ಅವ್ವ ತಾಟು ಹಿಡಿದು ಬಂದು ಗೋಡೆಯನ್ನು ಬಹಳ ಹೊತ್ತು ನೋಡಿದಳು. ಅಂಗೈಯಿಂದ ಸವರಿದಳು. ಆಮೇಲೆ ಮೆಲ್ಲಗೆ ಕೂತು, ತಾಟನ್ನು ತನ್ನ ಮುಂದೆ ಎಳೆದುಕೊಂಡು ರೊಟ್ಟಿ ಮುರಿದಳು. ಒಂದು ತುತ್ತು, ಇನ್ನೊಂದು. ನನಗೆ ಕುಣಿಯುವಂತಾಯಿತು. ನಾನೂ ಒಂದು ತಾಟು ತಂದು, ವರ್ಷಗಳ ಮೇಲೆ ಮೊದಲ ಸಲ, ಅವಳ ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತೆ.

ಅವ್ವ ನನ್ನ ಕಡೆ ನೋಡಲಿಲ್ಲ. ನನ್ನ ಬೆನ್ನ ಹಿಂದಿನ ಗೋಡೆಯನ್ನೇ ನೋಡುತ್ತ ಅಂದಳು:

"ಇನ್ನ ಯಾರೂ ಬರಂಗಿಲ್ಲ. ಒಬ್ಬಾಕಿನೇ ಉಣ್ತೇನಿ."