ಉತ್ತರ ದಿಕ್ಕಿಲ್ಲದ ಚಿತ್ರ

ನೀರು ಸರಬರಾಜು ಕಚೇರಿಯ ನಕ್ಷೆ ವಿಭಾಗದಲ್ಲಿ ಮೂವತ್ತನಾಲ್ಕು ವರ್ಷ ಗೆರೆ ಎಳೆದು ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ಹಿರಿಯ ನಕ್ಷೆಗಾರರನ್ನು ಕುರಿತು ಬರೆಯಲು ಕುಳಿತರೆ, ಮೊದಲು ನೆನಪಾಗುವುದು ಅವರ ದಣಿವು. ಈ ಊರಿನ ಯಾವ ನಲ್ಲಿ ತಿರುಗಿಸಿದರೂ ಬರುವ ನೀರು ಅವರು ಎಳೆದ ಗೆರೆಯಗುಂಟ ಹರಿದು ಬಂದದ್ದೇ. ಆದರೂ ನಲ್ಲಿ ತಿರುಗಿಸುವವರಿಗೆ ಅವರ ಗುರುತಿಲ್ಲ, ಗುರುತಿಸಲೆಂಬ ಹಂಬಲ ಅವರಿಗೂ ಇರಲಿಲ್ಲ.

ಚಿತ್ರಕಲಾ ಶಾಲೆಯ ಎರಡನೆಯ ವರ್ಷದಲ್ಲಿ ತಂದೆ ತೀರಿಕೊಂಡು, ಇಬ್ಬರು ತಂಗಿಯರ ಹೊಣೆ ಹೆಗಲಿಗೆ ಬಿದ್ದಾಗ, ಹೊಟ್ಟೆಗೆ ಹಿಟ್ಟಿಲ್ಲದವನಿಗೆ ಜುಟ್ಟಿಗೆ ಮಲ್ಲಿಗೆ ಯಾಕೆಂದು ಸೋದರಮಾವ ಕೇಳಿದರಂತೆ. ಮರುವಾರವೇ ಕುಂಚ ಕಟ್ಟಿಟ್ಟು ಅಳತೆಪಟ್ಟಿ ಹಿಡಿದರು.

ನಾನು ಕೆಲಸಕ್ಕೆ ಸೇರಿದ ವರ್ಷ ಒಂದು ಬಡಾವಣೆಯ ಕೊಳವೆಯನ್ನು ರಸ್ತೆಯ ಎಡಕ್ಕೆ ಬದಲಾಗಿ ಬಲಕ್ಕೆ ಎಳೆದುಬಿಟ್ಟಿದ್ದೆ. ಅದನ್ನು ಕಂಡ ಅವರು ಮೂರು ದಿನ ಬ್ಲೇಡು ಹಿಡಿದು, ಹಾಳೆ ಹರಿಯದಂತೆ ಶಾಯಿ ಕೆರೆದು, ಸರಿಯಾದ ಗೆರೆ ಎಳೆಸಿ, ಕೆಳಗಿನ ‘ಪರಿಶೀಲಿಸಿದವರು’ ಎಂಬ ಚೌಕದಲ್ಲಿ ತಾವೇ ಸಹಿ ಹಾಕಿದರು. ನಾನು ಇಂದಿಗೂ ಉಣ್ಣುತ್ತಿರುವ ಅನ್ನ ಆ ಸಹಿಯ ಪುಣ್ಯ.

ಮೂರು ವರ್ಷಗಳ ಹಿಂದೆ ಕಂಪ್ಯೂಟರು ಬಂದು ಅವರ ಮೇಜು ಬರಿದಾದಾಗ, ಊಟದ ಬಿಡುವಿನಲ್ಲಿ ಮತ್ತೆ ಚಿತ್ರ ಬರೆಯತೊಡಗಿದರು. ಮದುವೆಯ ಹೊಸತರಲ್ಲಿ ಮಡದಿಯ ಮುಖ ಬರೆದುಕೊಡುವುದಾಗಿ ಕೊಟ್ಟ ಮಾತೊಂದು ಹಾಗೇ ಉಳಿದಿತ್ತು. ಅಷ್ಟರಲ್ಲಾಗಲೇ ಬಲಗೈ ನಡುಗಲು ಆರಂಭಿಸಿತ್ತು. ಅದು ಹೆಚ್ಚುವುದೇ ಹೊರತು ಕಡಿಮೆಯಾಗದೆಂದು ವೈದ್ಯರು ಹೇಳಿದ್ದರು. ಕೈ ಕೈಕೊಡುವ ಮೊದಲು ಆ ಮುಖ ಮೂಡಬೇಕಿತ್ತು.

ಮೊದಲ ಚಿತ್ರ ಮುಗಿದ ದಿನ ನಾನೂ ಅವರ ಮನೆಗೆ ಹೋಗಿದ್ದೆ. ಪಟ್ಟಿ ಇಟ್ಟು ಎಳೆದ ಗಲ್ಲ, ಸುತ್ತ ಚೌಕಟ್ಟು, ಮೇಲಿನ ಮೂಲೆಯಲ್ಲಿ ನಕ್ಷೆಯ ರೂಢಿಯಂತೆ ಉತ್ತರ ದಿಕ್ಕಿನ ಬಾಣ.

“ಇಷ್ಟು ವರ್ಷ ಸಂಸಾರ ಮಾಡಿದ ಮೇಲೂ ನನ್ನ ಮೂಗು ಯಾವ ಕಡೆಗಿದೆ ಅಂತ ಬಾಣ ಹಾಕ್ಕೋಬೇಕಾ ನಿಮಗೆ?” ಎಂದರು ಆ ತಾಯಿ.

ನಾನು ನಕ್ಕೆ. ನಮ್ಮ ಹಿರಿಯರು ನಗಲಿಲ್ಲ. “ಕೈ ಸತ್ತೋಗಿದೆ ಕಣೇ. ಬರೀ ಅಭ್ಯಾಸ ಉಳ್ಕೊಂಡಿದೆ” ಎಂದರು. ನಕ್ಕದ್ದಕ್ಕೆ ನನಗೆ ಇಂದಿಗೂ ನಾಚಿಕೆಯಿದೆ.

ಮರುದಿನ ತಮ್ಮ ಅಳತೆಪಟ್ಟಿಯನ್ನು ನನ್ನ ಮೇಜಿನ ಮೇಲಿಟ್ಟು, “ಇದು ಹತ್ರ ಇದ್ರೆ ಕೈ ಇದರ ಮಾತೇ ಕೇಳುತ್ತೆ. ನೀನೇ ಇಟ್ಕೋ” ಎಂದರು. ಆಮೇಲೆ ಎಷ್ಟು ಹಾಳೆಗಳು ಹಾಳಾದವೋ ಲೆಕ್ಕವಿಲ್ಲ. ಬರೆದು, ಬೇಸತ್ತು, ತಲೆ ಮೇಜಿಗೆ ಆನಿಸಿ ಕೂರುತ್ತಿದ್ದರು. ಬಿಡುವು ಮುಗಿದರೆ ಎದ್ದು ಕನ್ನಡಕ ಒರೆಸಿಕೊಳ್ಳುತ್ತಿದ್ದರು.

ಕಳೆದ ವಾರ ಒಂದು ಚಿತ್ರ ತಂದು ತೋರಿಸಿದರು. ಚೌಕಟ್ಟಿರಲಿಲ್ಲ, ಬಾಣವಿರಲಿಲ್ಲ. ಕೈ ನಡುಗಿದಲ್ಲೆಲ್ಲ ಗೆರೆಯೂ ನಡುಗಿ, ಕಣ್ಣಂಚಿನ ಸುಕ್ಕುಗಳು ಆ ತಾಯಿಯವೇ ಆಗಿದ್ದವು.

“ತಪ್ಪಿದ್ರೆ ಹೇಳು, ಕೆರೀತೀನಿ” ಎಂದರು.

ನಾನು ಹಾಳೆಯನ್ನು ಕೆಳಗಿನವರೆಗೂ ನೋಡುತ್ತ ಬಂದೆ. ಹಾಳೆಯ ಅಡಿಯಲ್ಲಿ, ಬಿಡಲಾಗದೆ ಉಳಿದ ಒಂದೇ ಒಂದು ಅಭ್ಯಾಸವಾಗಿ ‘ಪರಿಶೀಲಿಸಿದವರು’ ಎಂಬ ಚೌಕವಿತ್ತು. ಅದರಲ್ಲಿ ಅವರ ಮಡದಿ ದುಂಡಗೆ ಸಹಿ ಹಾಕಿದ್ದರು.

ನಮ್ಮ ಹಿರಿಯರು ನೂರು ಕಾಲ ಬಾಳಲಿ, ಆ ಕೈ ನಡುಗುತ್ತಲೇ ಬರೆಯುತ್ತಿರಲಿ. ಸಹಿ ಹಾಕುವ ಕೈಗೂ ಅಷ್ಟೇ ಆಯುಸ್ಸಿರಲಿ.